ಬೆಳಿಗ್ಗೆ ದಾಟಿದ ಹಳ್ಳ ಮಧ್ಯಾಹ್ನ ಯಾಕೆ ದಾಟ್ಲಿಲ್ಲ? ಮರಳಲ್ಲಿ ಹೂತ ಗಾಡಿ ಕಥೆ

ಸಾಗರದ_ಅಳಿಯ · ಭಾನುವಾರ ರಾತ್ರಿ 10:40

ಎಲ್ರಿಗೂ ನಮಸ್ಕಾರ. ಒಂದ್ ವರ್ಷದಿಂದ ಇಲ್ಲಿ ಸುಮ್ನೆ ಓದ್ಕೊಂಡ್ ಇದ್ದೋನು ನಾನು, ಇವತ್ತು ಬರೀಲೇಬೇಕಾಯ್ತು, ಯಾಕಂದ್ರೆ ಹೆಂಡ್ತಿ ಮನೆ ಕಡೆಯವ್ರ ಮುಂದೆ ಮರ್ಯಾದೆ ಪೂರ್ತಿ ಹೋಗಿದೆ.

ಸಾಗರ ತಾಲೂಕಲ್ಲಿ ಶರಾವತಿ ಹಿನ್ನೀರಿನ ಹತ್ರ ಹೆಂಡ್ತಿ ದೊಡ್ಡಪ್ಪನ ಮನೆ. ಟಾರ್ ರೋಡ್ ಬಿಟ್ಮೇಲೆ ನಾಲ್ಕು ಕಿಲೋಮೀಟರ್ ಕಾಡೊಳಗೆ ಮಣ್ಣು ರಸ್ತೆ, ಊರವ್ರು ದಿನಾ ಓಡಾಡೋ ರಸ್ತೆನೇ, ಆದ್ರೆ ಒಂದೇ ಹಳ್ಳ ಮೂರು ಸಲ ಅಡ್ಡ ಬರುತ್ತೆ. ಈಗ ಮಾರ್ಚ್ ಅಲ್ವಾ, ನೀರು ಪಾದ ಮುಳುಗೋಷ್ಟೂ ಇಲ್ಲ, ಬರೀ ಮರಳು. ಮೂರನೇ ಕಡೆ ಹಳ್ಳ ಅಗಲ ಆಗಿ ನಲವತ್ತೈವತ್ತು ಅಡಿ ಮರಳು ಹಾಸ್ಕೊಂಡು ಬಿದ್ದಿದೆ. ಬೆಳಿಗ್ಗೆ ಏಳೂವರೆಗೆ ನನ್ ಥಾರ್ ಜೀಪ್ ಅಲ್ಲಿ ಹಾಯಾಗಿ ದಾಟ್ತು, ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋದು) ಕೂಡ ಹಾಕಿರ್ಲಿಲ್ಲ. ಸತ್ಯನಾರಾಯಣ ಕಥೆ, ಊಟ, ಒಂದ್ ನಿದ್ದೆ ಎಲ್ಲ ಮುಗ್ಸಿ ಮೂರು ಗಂಟೆಗೆ ವಾಪಸ್ ಹೊರಟ್ರೆ ಅದೇ ಜಾಗ, ಮಧ್ಯಕ್ಕೆ ಬರ್ತಿದ್ದಂಗೆ ಗಾಡಿ ಕುಸೀತು. ಫೋರ್ ವೀಲಿನ ಫೋರ್ ಹೈ ಹಾಕ್ದೆ, ಇನ್ನೂ ನಿಧಾನ, ಜಾಸ್ತಿ ಎಳೆತದ ಫೋರ್ ಲೋ ಹಾಕ್ದೆ, ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಯ್ತು, ಕೊನೆಗೆ ಗಾಡಿ ಹೊಟ್ಟೆ ಮರಳ ಮೇಲೆ ಕೂತು ಚಕ್ರ ಸುಮ್ನೆ ತಿರುಗ್ತಿತ್ತು.

ಎರಡೂವರೆ ಗಂಟೆ ಅಲ್ಲೇ. ತೋಟದ ನೈಲಾನ್ ಹಗ್ಗ ಕಟ್ಟಿ ಹತ್ತು ಜನ ಎಳೆದ್ರು, ಹಗ್ಗ ಕಿತ್ತೋಯ್ತು. ಚಕ್ರದ ಕೆಳಗೆ ಅಡಿಕೆ ಹಾಳೆ ಹಾಕಿದ್ವಿ, ನಗ್ಬೇಡಿ. ಆಮೇಲೆ ಗೊಬ್ಬರದ ಮೂಟೆ ಹೇರ್ಕೊಂಡು ಒಂದು ಹಳೇ ಪಿಕಪ್ ಬಂತು, ಅದ್ರ ಡ್ರೈವರ್ ಅರವತ್ತು ದಾಟಿದ ಯಜಮಾನ್ರು, ಗಾಡಿ ಸುತ್ತ ಒಂದ್ ಸುತ್ತು ಬಂದು ಒಂದು ಸಣ್ಣ ಕಡ್ಡಿ ಮುರ್ಕೊಂಡು ನಾಲ್ಕೂ ಚಕ್ರದ ವಾಲ್ವ್ ಒತ್ತಿ ಉಸ್ಸ್ ಅಂತ ಗಾಳಿ ಬಿಟ್ರು, ಸಲಿಕೆ ತರ್ಸಿ ಹೊಟ್ಟೆ ಕೆಳಗಿಂದು, ಚಕ್ರದ ಹಿಂದಿಂದು ಮರಳು ತೆಗ್ಸಿದ್ರು, "ಈಗ ಹಿಂದಕ್ಕೆ ತಗೊಳ್ಳಿ, ಮುಂದಕ್ಕಲ್ಲ" ಅಂದ್ರು. ಬಂದ್ಬಿಡ್ತು ಮಾರಾಯ್ರೆ! ಅವ್ರ ಪಿಕಪ್ ಟೂ ವೀಲ್ ಡ್ರೈವು, ಬೀಡಿ ಬಾಯಲ್ಲಿಟ್ಕೊಂಡು ಪಕ್ಕದಲ್ಲೇ ದಾಟ್ಕೊಂಡು ಹೋದ್ರು.

ಅದೇ ಗಾಡಿ, ಅದೇ ಹಳ್ಳ, ಅದೇ ಡ್ರೈವರ್. ಬೆಳಿಗ್ಗೆ ಆಗಿದ್ದು ಮಧ್ಯಾಹ್ನ ಯಾಕೆ ಆಗ್ಲಿಲ್ಲ?

ತೋಟದ್ಮನೆ_ತೀರ್ಥಳ್ಳಿ · 10:52

ಹಾಳೆ!! ಅಯ್ಯೋ ದೇವ್ರೆ. ಸಣ್ಣೋರಿದ್ದಾಗ ಹಾಳೆ ಮೇಲೆ ಕೂತ್ಕೊಂಡು ಅಂಗಳದ ತುಂಬ ಎಳೆಸ್ಕೊಂಡಿಲ್ವನಾ ನೀವು? ಅದು ಜಾರೋದಕ್ಕೇ ಹುಟ್ಟಿದ್ದು. ಚಕ್ರದ ಕೆಳಗೆ ಹಾಳೆ ಇಟ್ರೆ ಚಕ್ರ ಹಾಳೆನ ಹಿಂದಕ್ಕೆ ಬಿಸಾಕುತ್ತೆ ಅಷ್ಟೆ, ಯಾರಿಗೂ ತಾಗ್ಲಿಲ್ಲ ಅಂದ್ಕೊಳ್ತೀನಿ. ಹಾಕೋದಿದ್ರೆ ಅಡಿಕೆ ದಬ್ಬೆ, ಅಂದ್ರೆ ಅಡಿಕೆ ಮರ ಸೀಳಿದ ಪಟ್ಟಿ ಹಾಕ್ಬೇಕಿತ್ತು, ಸೀಳಿದ ಮೈ ಕೆಳಗೆ ಮಾಡಿ, ನಾಲ್ಕೈದು ಅಡಿ ಉದ್ದದ್ದು ಎರಡೆರಡು ಜೋಡ್ಸಿ. ಇಲ್ಲಾಂದ್ರೆ ಗೋಣಿಚೀಲ, ಪ್ಲಾಸ್ಟಿಕ್ ಚೀಲ ಅಲ್ಲ. ನಮ್ ಜಿಮ್ನಿಲಿ ಎರಡು ದಬ್ಬೆ ಯಾವಾಗ್ಲೂ ಇರುತ್ತೆ, ನಮ್ಮನೆಯವ್ರು ಬೈತಾರೆ ಕಾರಲ್ಲಿ ಬೇಲಿ ಹೊತ್ಕೊಂಡ್ ತಿರುಗ್ತೀಯ ಅಂತ.

ಹಳೇಮೇಜರ್ · 11:05

ಪಿಕಪ್ ಯಜಮಾನ್ರಿಗೆ ನನ್ನ ನಮಸ್ಕಾರ ತಿಳ್ಸಿ. ನಂದು ಮೂರು ಪ್ರಶ್ನೆ. ಟೈರಲ್ಲಿ ಗಾಳಿ ಎಷ್ಟಿತ್ತು? ಬೆಳಿಗ್ಗೆ ಗಾಡೀಲಿ ಎಷ್ಟು ಜನ, ವಾಪಸ್ ಬರುವಾಗ ಎಷ್ಟು ಜನ? ಮರಳಿನ ಮಧ್ಯ ಎಲ್ಲಾದ್ರೂ ನಿಲ್ಸಿದ್ರಾ? ನಿಜ ಹೇಳ್ಬೇಕು.

ಸಾಗರದ_ಅಳಿಯ · 11:11

ಗಾಳಿ 36 ಇತ್ತು ಸಾರ್, ಶಿವಮೊಗ್ಗದಲ್ಲಿ ಬೈಪಾಸ್ ಹತ್ರ ಹಾಕ್ಸಿದ್ದು, ಲಾಂಗ್ ಹೋಗ್ತಿದೀನಿ ಅಂದಿದ್ದಕ್ಕೆ ಎರಡು ಜಾಸ್ತಿನೇ ಹಾಕ್ದ. ಬೆಳಿಗ್ಗೆ ನಾನು ಹೆಂಡ್ತಿ ಇಬ್ರೇ. ಬರುವಾಗ ಅತ್ತೆ ಮತ್ತೆ ಭಾವಮೈದ ಹತ್ಕೊಂಡ್ರು, ಹಿಂದುಗಡೆ ಎರಡು ಚೀಲ ಅಪ್ಪೆಮಿಡಿ, ಒಂದು ಬಾಳೆಗೊನೆ, ಹಲಸಿನಕಾಯಿ ಎರಡು. ನಿಲ್ಸಿಲ್ಲ ಸಾರ್, ಮೆಲ್ಲಗೆ ಹೋಗ್ತಿದ್ದೆ.

ಟೈರ್_ಪುರಾಣ · ಸೋಮವಾರ ಬೆಳಿಗ್ಗೆ 6:30

ಅಂಗಡಿ ಬಾಗ್ಲು ತೆಗೆಯೋ ಮುಂಚೆ ಬರೀತಿದೀನಿ, ಉದ್ದ ಆಗುತ್ತೆ.

36 ಪಿಎಸ್ಐ (ಗಾಳಿ ಒತ್ತಡದ ಅಳತೆ) ಟಾರ್ ರೋಡಿಗೆ. ಮರಳಿಗೆ ಅದು ಕಲ್ಲು. ಗದ್ದೆಲಿ ನಟ್ಟಿ ಮಾಡುವಾಗ ಬರಿಗಾಲಲ್ಲಿ ಇಳಿದ್ರೆ ಒಂದು ಲೆಕ್ಕ, ಹಿಮ್ಮಡಿ ಎತ್ತರದ ಚಪ್ಪಲಿ ಹಾಕ್ಕೊಂಡು ಇಳಿದ್ರೆ ಇನ್ನೊಂದು ಲೆಕ್ಕ, ಇದೂ ಹಂಗೇ. ಗಾಳಿ 18ಕ್ಕೆ ಇಳ್ಸಿದ್ರೆ ಟೈರು ನೆಲದ ಮೇಲೆ ಅಕ್ಕಿರೊಟ್ಟಿ ತಟ್ಟಿದಂಗೆ ಹರಡುತ್ತೆ. ಎಲ್ರೂ ತಿಳ್ಕೊಂಡಿರೋದು ಟೈರ್ ಅಗಲ ಆಗುತ್ತೆ ಅಂತ, ಅಗಲ ಆಗೋದು ಸ್ವಲ್ಪ, ನಿಜವಾಗಿ ಜಾಸ್ತಿ ಆಗೋದು ಉದ್ದ, ನೆಲಕ್ಕೆ ತಾಗೋ ಪಟ್ಟಿ ಹಿಂದೆ ಮುಂದೆ ಬೆಳೆಯುತ್ತೆ. ಗಾಡಿ ತೂಕ ಅಷ್ಟೇ ಇದೆ, ಅದನ್ನ ಹೊರೋ ನೆಲ ಜಾಸ್ತಿ ಆಯ್ತು, ಹಂಗಾಗಿ ಮುಳುಗಲ್ಲ. ಜೊತೆಗೆ ಗಟ್ಟಿ ಟೈರು ಮುಂದೆ ಮರಳಿನ ದಿಬ್ಬ ಒತ್ಕೊಂಡು ಒತ್ಕೊಂಡು ಹೋಗುತ್ತೆ, ಅಂದ್ರೆ ಯಾವಾಗ್ಲೂ ಏರು ಹತ್ತಿದಂಗೆ. ಮೆತ್ತಗಿನ ಟೈರು ಆ ದಿಬ್ಬದ ಮೇಲೆ ಹತ್ಕೊಳ್ಳುತ್ತೆ.

ಎಷ್ಟಿಗೆ ಇಳ್ಸೋದು ಅಂತ ಕೇಳ್ತೀರಿ. ಹಳ್ಳದ ಮರಳಿಗೆ ನಾನು ಹೇಳೋದು 18ರಿಂದ 20, ಹೂತೇ ಹೋದ್ರೆ 15. ಅದಕ್ಕಿಂತ ಕೆಳಗೆ ಹೋದ್ರೆ ತಿರುಗ್ಸೋವಾಗ ಟೈರು ರಿಮ್ಮಿಂದ ಕಳಚ್ಕೊಳ್ಳೋ ಭಯ, ಕಾಡಲ್ಲಿ ಅದನ್ನ ಕೂರ್ಸೋಕೆ ನಿಮ್ ಹತ್ರ ಏನೂ ಇರಲ್ಲ. ಗಾಳಿ ಇಳ್ಸಿದ ಮೇಲೆ ಮೂವತ್ತು ಸ್ಪೀಡ್ ಮೇಲೆ ಹೋಗ್ಬೇಡಿ, ಜೋರಾಗಿ ತಿರುಗಿಸ್ಬೇಡಿ, ಟಾರ್ ರೋಡ್ ಸಿಕ್ಕಿದ ತಕ್ಷಣ ತುಂಬ್ಸಿ. ಬ್ಯಾಟರಿಗೆ ಕ್ಲಿಪ್ ಹಾಕೋ ಸಣ್ಣ ಕಂಪ್ರೆಸರ್ ಸಿಗುತ್ತೆ, ಒಂದೊಂದು ಟೈರಿಗೆ ಐದಾರು ನಿಮಿಷ ಹಿಡಿಯುತ್ತೆ, ಇರ್ಲಿ, ಎರಡೂವರೆ ಗಂಟೆಗಿಂತ ಕಮ್ಮಿನೇ ಅಲ್ವಾ. ಗಾಳಿ ಅಳೆಯೋ ಒಂದು ಗೇಜು ತಗೊಳ್ಳಿ. ಕಡ್ಡಿ ಲೆಕ್ಕ ಆ ಯಜಮಾನ್ರಿಗೆ ಬರುತ್ತೆ, ನಮಗೆ ನಿಮಗೆ ಬರಲ್ಲ.

ಜಿಪ್ಸಿ_ಭದ್ರಾವತಿ · 8:15

ಬೆಳಿಗ್ಗೆ ದಾಟಿ ಮಧ್ಯಾಹ್ನ ಹೂತಿದ್ದು ಬಿಸಿಲಿಗೆ ಟೈರ್ ಗಾಳಿ ಹಿಗ್ಗಿದ್ದಕ್ಕೆ ಇರ್ಬೋದಾ?

ಟೈರ್_ಪುರಾಣ · 8:40

ಹಿಗ್ಗುತ್ತೆ, ಆದ್ರೆ ಐದಾರು ಡಿಗ್ರಿ ಬಿಸಿಗೆ ಒಂದು ಪಿಎಸ್ಐ ಅಷ್ಟೆ. ಬೆಳಿಗ್ಗೆ ಬಂದಾಗ್ಲೂ ರೋಡಲ್ಲಿ ಓಡಿ ಟೈರ್ ಬಿಸಿ ಆಗೇ ಇತ್ತು. ಅದು ಕಾರಣ ಅಲ್ಲ. ಬಿಸಿಲು ಕಾರಣ ಹೌದು, ಟೈರಿಗಲ್ಲ, ಮರಳಿಗೆ.

ಕುಂದಾಪ್ರದಂವ · 9:20

ಅದೇ ನಾನ್ ಹೇಳ್ಕಂತ ಬಂದೆ. ನೀವು ಮರಳು ಅಂಬುದಕ್ಕೆ ನಮ್ಮಲ್ಲಿ ಹೊಯ್ಗೆ ಅಂಬ್ರ್, ನಾವ್ ಹುಟ್ಟಿದ್ದೇ ಅದ್ರಲ್ಲಿ. ಪೂರಾ ಕುಂದಾಪ್ರ ಕನ್ನಡ ಬರದ್ರೆ ಘಟ್ಟದ ಮೇಲಿನವ್ರಿಗೆ ಕಷ್ಟ, ಹಾಗಾಗಿ ನಿಮ್ ಕನ್ನಡದಲ್ಲೇ ಬರೀತೆ.

ಕಡಲ ತೀರದಲ್ಲಿ ಕಾಣಿ, ಅಲೆ ಬಂದು ಹೋದ ಜಾಗ ನೆಲದ ಹಾಗೆ ಗಟ್ಟಿ, ಮಕ್ಕಳು ಕ್ರಿಕೆಟ್ ಆಡ್ತಾರೆ. ಹತ್ತು ಹೆಜ್ಜೆ ಮೇಲೆ ಬಂದ್ರೆ ಒಣ ಹೊಯ್ಗೆ, ನಡೆಯೋಕೂ ಕಾಲು ಸೋಲುತ್ತೆ. ತೇವ ಇದ್ರೆ ಕಾಳು ಕಾಳಿನ ಮಧ್ಯೆ ಇರೋ ನೀರಿನ ಪಸೆ ಒಂದನ್ನೊಂದು ಹಿಡ್ಕೊಂಡಿರುತ್ತೆ, ಒಣಗಿದ್ರೆ ಬಿಟ್ಬಿಡುತ್ತೆ. ನಿಮ್ಮ ಹಳ್ಳದಲ್ಲಿ ರಾತ್ರಿ ಇಬ್ಬನಿ ಬಿದ್ದು ಬೆಳಿಗ್ಗೆ ಮೇಲಿನ ಪದರ ಗಟ್ಟಿ ಇತ್ತು, ಮಧ್ಯಾಹ್ನದ ಬಿಸಿಲಿಗೆ ಪುಡಿ ಆಯ್ತು, ಸಾಲದ್ದಕ್ಕೆ ಬೆಳಿಗ್ಗೆ ನೀವೇ ಒಮ್ಮೆ ಆ ಪದರ ಒಡ್ದು ಹೋಗಿದ್ದೀರಿ. ಇನ್ನೊಂದು ಜಾತಿ ಉಂಟು, ನೀರು ತುಂಬಿ ಕೂತ ಹೊಯ್ಗೆ, ನೋಡೋಕೆ ನುಣ್ಣಗೆ, ಕಾಲಿಟ್ರೆ ಗಂಜಿ ಹಾಗೆ ಅಲುಗಾಡ್ತದೆ. ಅದ್ರ ಮೇಲೆ ಗಾಡಿ ತೆಗೆದ್ರೆ ದೇವರೇ ಗತಿ.

ಹಾಂ, ಕಡಲ ತೀರಕ್ಕೆ ಗಾಡಿ ಇಳ್ಸೋಕೆ ಯಾರೂ ಬರ್ಬೇಡಿ, ಬಿಡೋದಿಲ್ಲ, ಬಿಡ್ಲೂಬಾರದು. ಉಪ್ಪು ನೀರು ತಾಗಿದ ಚಾಸಿಗೆ ಎರಡು ವರ್ಷದಲ್ಲಿ ತುಕ್ಕು. ನಿಮ್ಮ ಹಳ್ಳದ ಮರಳಿಗೆ ಆ ತಾಪತ್ರಯ ಇಲ್ಲ, ಬ್ರೇಕಲ್ಲಿ ಸಿಕ್ಕಿದ ಕಾಳು ಕಿರ್ ಕಿರ್ ಅಂತದೆ, ನೀರು ಹೊಡೆದ್ರೆ ಹೋಯ್ತು.

ಹಳೇಮೇಜರ್ · 9:45

ಕುಂದಾಪ್ರದವ್ರು ಹೇಳಿದ್ದು ಬಂಗಾರ. ನಾನು ನಿಟ್ಟೂರು ಕಡೆಯವ್ನು, ಹಿಂದೆ ಏಳೆಂಟು ವರ್ಷ ಕೊಡಚಾದ್ರಿಗೆ ಜೀಪ್ ಹೊಡ್ದವ್ನು. 1343 ಮೀಟರ್ ಎತ್ತರದ ಬೆಟ್ಟ, ಆ ರಸ್ತೆ ನೋಡಿದವ್ರಿಗೆ ಗೊತ್ತು, ಅದನ್ನ ರಸ್ತೆ ಅನ್ನೋದು ರೂಢಿ ಅಷ್ಟೆ. ಅಲ್ಲಿ ಕಲ್ಲು, ಜಂಬಿಟ್ಟಿಗೆ ನೆಲ, ಮಳೆಗಾಲದಲ್ಲಿ ಕೆಂಪು ಕೆಸರು. ಅಲ್ಲಿ ಕಲ್ತ ಚಾಲಾಕಿ ಮರಳಲ್ಲಿ ನಡೆಯಲ್ಲ. ಕಲ್ಲಲ್ಲಿ ನಿಧಾನ, ಇಂಚಿಂಚು, ಫೋರ್ ಲೋ ಫಸ್ಟ್ ಗೇರ್. ಮರಳಲ್ಲಿ ಅದೇ ಮಾಡಿದ್ರೆ ಫಸ್ಟ್ ಗೇರಿನ ಶಕ್ತಿಗೆ ಚಕ್ರ ತಿರುಗಿ ಹಳ್ಳ ತೋಡುತ್ತೆ. ಮರಳಿಗೆ ಸೆಕೆಂಡ್, ಥರ್ಡ್, ಹದವಾದ ಓಟ, ಒಂದೇ ಸಮ ಕಾಲು. ಜೋರೂ ಅಲ್ಲ, ದೋಣಿ ಹೋದಂಗೆ ಹೋಗ್ತಿರ್ಬೇಕು.

ಮೆಲ್ಲಗೆ ಹೋಗ್ತಿದ್ದೆ ಅಂದ್ರಿ, ಅಲ್ಲೇ ಅರ್ಧ ಉತ್ರ ಇದೆ. ಇನ್ನರ್ಧ ನೀವು ಇನ್ನೂ ಹೇಳಿಲ್ಲ ಅಂತ ನನಗ್ಯಾಕೋ ಅನುಮಾನ.

ಫೋರ್ ವೀಲ್ ಮರೆತಿದ್ದಕ್ಕೆ ಬೇಜಾರಾಗ್ಬೇಡಿ. ನಮ್ ಹಳೇ ಮೇಜರ್ ಜೀಪಲ್ಲಿ ಮುಂದಿನ ಚಕ್ರದ ಹಬ್ಬು (ನಡುವಿನ ಗುಂಬ) ಕೈಯಲ್ಲಿ ತಿರುಗ್ಸಿ ಲಾಕ್ ಮಾಡ್ಬೇಕು, ಇಲ್ಲಾಂದ್ರೆ ಫೋರ್ ವೀಲ್ ಹಾಕಿದ್ರೂ ಆ ಚಕ್ರಕ್ಕೆ ಶಕ್ತಿ ಹೋಗಲ್ಲ. ಒಂದ್ ಸಲ ಹಳ್ಳದಲ್ಲಿ ಸಿಕ್ಕಾಕೊಂಡು ಕ್ಲಚ್ ವಾಸನೆ ಬರೋವರೆಗೂ ಒದ್ದಾಡಿ, ನಾಲ್ಕು ಜನ ತಳ್ಳಿ, ಇಡೀ ಗಾಡಿ ತಂತ್ರಜ್ಞಾನಕ್ಕೇ ಬೈದು, ಕೊನೆಗೆ ನೋಡಿದ್ರೆ ಹಬ್ಬು ಲಾಕೇ ಮಾಡಿಲ್ಲ. ಒಳಗೆ ಲಿವರ್ ಎಳೆದಿದ್ದೆ, ಹೊರಗೆ ಇಳಿಯೋಕೆ ಸೋಮಾರಿತನ. ಮರಳಿಗೆ ಇಳಿಯೋ ಮುಂಚೆನೇ ಫೋರ್ ವೀಲ್ ಹಾಕ್ಬೇಕು, ಹೂತ ಮೇಲೆ ಹಾಕಿದ್ರೆ ನಾಲ್ಕು ಗುಂಡಿ ಆಗುತ್ತೆ ಅಷ್ಟೆ.

ಮಡ್ಡಿಂಗ್_ಮಾಸ್ಟರ್ · 11:30

ಇದೆಲ್ಲ ಬೇಡ ಗುರು, ಒಂದು ಸೆಟ್ ಮಡ್ ಟೆರೇನ್ ಟೈರ್ ಹಾಕ್ಸು, ಎಲ್ಲಿ ಬೇಕಾದ್ರೂ ನುಗ್ಗು. ನಂದು ಹಾಕ್ಸಿ ಎರಡು ವರ್ಷ, ಎಲ್ಲೂ ನಿಂತಿಲ್ಲ.

ಟೈರ್_ಪುರಾಣ · 1:10

ನನ್ ಅಂಗಡೀಲಿ ಮಡ್ ಟೈರ್ ಮಾರಿದ್ರೆ ನಂಗೇ ಲಾಭ, ಆದ್ರೂ ಹೇಳ್ತೀನಿ, ಮರಳಿಗೆ ಅದು ಬೇಡ. ಆ ದಪ್ಪ ಹಲ್ಲು ಇರೋದು ಕೆಸರು ಕಚ್ಚಿ ಬಿಸಾಕೋಕೆ. ಮರಳಲ್ಲಿ ಕಚ್ಚೋಕೆ ಏನೂ ಇಲ್ಲ, ಬಿಸಾಕೋದು ಮಾತ್ರ ಚೆನ್ನಾಗಿ ಮಾಡುತ್ತೆ, ಜೆಸಿಬಿ ಬಕೆಟ್ ತರ. ಮರಳಲ್ಲಿ ಸವೆದ ಟೈರೂ ಗಾಳಿ ಇಳ್ಸಿದ್ರೆ ಮಡ್ ಟೈರಿಗಿಂತ ಚೆನ್ನಾಗಿ ತೇಲುತ್ತೆ. ಪಿಕಪ್ ದಾಟಿದ್ದು ಯಾಕೆ ಅಂತ ಯೋಚ್ನೆ ಮಾಡಿ, ಅದ್ರ ಹಿಂದಿನ ಚಕ್ರದ ಮೇಲೆ ಗೊಬ್ಬರದ ಮೂಟೆ ಇತ್ತು, ತಿರುಗೋ ಚಕ್ರದ ಮೇಲೇ ಭಾರ. ಆಮೇಲೆ ಆ ಯಜಮಾನ್ರು ದಿನಾ ಓಡಾಡೋ ಗಾಡೀಲಿ 36 ಇಟ್ಕೊಂಡಿರ್ತಾರಾ?

ಮಡ್ಡಿಂಗ್_ಮಾಸ್ಟರ್ · 1:22

ನಂಗೆ ಮರಳಲ್ಲಿ ಅನುಭವ ಇಲ್ಲ ಬಿಡಿ. ಜೂನಲ್ಲಿ ಬನ್ನಿ ಹೊಸನಗರ ಕಡೆ, ಅವಾಗ ನೋಡೋಣ.

ಜಿಪ್ಸಿ_ಭದ್ರಾವತಿ · 1:40

ತೂಕದ ಮಾತು ಯಾರೂ ಸರಿಯಾಗಿ ಎತ್ತಿಲ್ಲ. ನನ್ ಜಿಪ್ಸಿ ಸಾವಿರ ಕೆಜಿ ಆಸುಪಾಸು, ತೋಟದ್ಮನೆಯವ್ರ ಜಿಮ್ನಿ ಸಾವಿರದಿನ್ನೂರು. ಥಾರ್ ಅದಕ್ಕಿಂತ ತುಂಬ ಭಾರ, ಅದ್ರ ಮೇಲೆ ನಾಲ್ಕು ಜನ, ಎರಡು ಚೀಲ ಮಾವಿನ ಮಿಡಿ. ಮರಳಲ್ಲಿ ಜಿಪ್ಸಿ ತೆಳ್ಳನೆ ಟೈರಲ್ಲೂ ಆಡ್ಕೊಂಡು ಹೋಗೋದು ಯಾಕೆ ಅಂದ್ರೆ ಹೊರೋಕೆ ಏನೂ ಇಲ್ಲ, ಎಸಿ ಕೂಡ ಇಲ್ಲ ನಂದ್ರಲ್ಲಿ, ಅದು ಬೇರೆ ದುಃಖ. ಮರಳು ಬಂದಾಗ ಜನ ಇಳಿದು ನಡ್ಕೊಂಡು ದಾಟ್ಬೇಕು, ಗಾಡಿ ಖಾಲಿ ದಾಟ್ಬೇಕು. ನಮ್ಮಪ್ಪ ಎತ್ತಿನ ಗಾಡಿ ಹೊಡೀವಾಗ್ಲೂ ಅದನ್ನೇ ಮಾಡ್ತಿದ್ರು.

ಇನ್ನೊಂದು. ಹೊಸ ಗಾಡಿಗಳಲ್ಲಿ ಇಎಸ್‌ಪಿ ಅಂತ ಒಂದಿರುತ್ತೆ, ಚಕ್ರ ಜಾರಿದ್ರೆ ಇಂಜಿನ್ ಶಕ್ತಿ ತಾನೇ ಕಮ್ಮಿ ಮಾಡುತ್ತೆ. ಮಳೇಲಿ ಆಗುಂಬೆ ಘಾಟಿ ತಿರುವಲ್ಲಿ ಅದು ಜೀವ ಉಳ್ಸುತ್ತೆ, ಮರಳಲ್ಲಿ ಅದೇ ಕತ್ತು ಹಿಸುಕುತ್ತೆ, ಬೇಕಾದಾಗ್ಲೇ ಓಟ ನಿಂತ್ಬಿಡುತ್ತೆ. ಮರಳಿಗೆ ಇಳಿಯೋ ಮುಂಚೆ ಆಫ್ ಮಾಡಿ, ದಾಟಿದ ಮೇಲೆ ಮರೀದೆ ಆನ್ ಮಾಡಿ.

ಸಾಗರದ_ಅಳಿಯ · 2:05

ಹಾಂ! ಆಕ್ಸಿಲರೇಟರ್ ಒತ್ತಿದ್ರೂ ಉಸಿರು ಕಟ್ಟಿದಂಗೆ ಆಗ್ತಿತ್ತು, ಡ್ಯಾಶ್ ಬೋರ್ಡಲ್ಲಿ ಹಳದಿ ಲೈಟ್ ಪಕಪಕ ಅಂತಿತ್ತು. ಶೋರೂಮಲ್ಲಿ ಡೆಲಿವರಿ ಕೊಡುವಾಗ ಹಾರ ಹಾಕಿ ಫೋಟೋ ತೆಗೆದ್ರು, ಇದನ್ನ ಹೇಳ್ಲಿಲ್ಲ.

ವೀಕೆಂಡ್_ಬೆಂಗ್ಳೂರು · 5:15

ಸೂಪರ್ ಥ್ರೆಡ್ ಗಾಯ್ಸ್. ಲೊಕೇಶನ್ ಪಿನ್ ಹಾಕಿ ಬ್ರೋ, ನಾವು ಹನ್ನೆರಡು ಗಾಡಿ ಬರ್ತೀವಿ ನೆಕ್ಸ್ಟ್ ವೀಕೆಂಡ್. ಕ್ಯಾಂಪ್ ಫೈರ್ ಮಾಡೋಕೆ ಹಳ್ಳದ ಪಕ್ಕ ಜಾಗ ಇದ್ಯಾ?

ತೋಟದ್ಮನೆ_ತೀರ್ಥಳ್ಳಿ · 5:31

ಪಿನ್ ಹಾಕಲ್ಲ. ಬೇಜಾರಾಗ್ಬೇಡಿ, ಕಾರಣ ಹೇಳ್ತೀನಿ. ಅದು ಜನ ಮನೆಗೆ ಹೋಗೋ ದಾರಿ, ಆಟದ ಮೈದಾನ ಅಲ್ಲ. ನಮ್ ಕಡೆ ಎಷ್ಟೋ ಮನೆಗೆ ಇವತ್ತಿಗೂ ಅಬ್ಬಿ ನೀರು, ಮೇಲಿನ ಹಳ್ಳದಿಂದ ಪೈಪ್ ಹಾಕಿ ತಂದಿರ್ತಾರೆ. ಹನ್ನೆರಡು ಗಾಡಿ ಮೇಲೆ ಹಳ್ಳ ಕಲಕಿದ್ರೆ ಕೆಳಗಿನ ಮನೇಲಿ ಅವತ್ತು ಕೊಡಪಾನದಲ್ಲಿ ರಾಡಿ. ಒಂದು ಗಾಡಿ ಆಯಿಲ್ ಸೋರಿದ್ರಂತೂ ಕೇಳ್ಬೇಡಿ. ಆಮೇಲೆ ಮಾರ್ಚಲ್ಲಿ ಕಾಡಲ್ಲಿ ಬೆಂಕಿ? ನಿಮಗೆ ತರಗೆಲೆ ಎಷ್ಟು ದಪ್ಪ ಬಿದ್ದಿರುತ್ತೆ ಗೊತ್ತಾ ಈಗ?

ಹಳೇಮೇಜರ್ · 5:50

ಜೊತೆಗೆ ಕಾನೂನು. ಊರಿನ ರಸ್ತೆ ಬೇರೆ, ಕಾಡಿನ ರಸ್ತೆ ಬೇರೆ. ಶರಾವತಿ ಕಣಿವೆ, ಶೆಟ್ಟಿಹಳ್ಳಿ, ಮೂಕಾಂಬಿಕಾ, ಭದ್ರಾ, ನಮ್ ಸುತ್ತ ಇರೋದೆಲ್ಲ ಅಭಯಾರಣ್ಯ. ಅಲ್ಲಿ ಅನುಮತಿ ಇಲ್ದೆ ಗಾಡಿ ನುಗ್ಗಿಸಿದ್ರೆ 1972ರ ವನ್ಯಜೀವಿ ಕಾಯ್ದೆ ಕೆಳಗೆ ಕೇಸು. ರಿಸರ್ವ್ ಫಾರೆಸ್ಟಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ. ಯಾವುದೇ ಕಾಡು ದಾರಿ ಹಿಡಿಯೋ ಮುಂಚೆ ಆ ವಲಯದ ಅರಣ್ಯ ಕಚೇರೀಲಿ ಕೇಳಿ. ನಿಮಗೆ ಆಸೆ ಇದ್ರೆ ಯಾರದಾದ್ರೂ ಸ್ವಂತ ಜಾಗದಲ್ಲಿ, ಅವ್ರನ್ನ ಕೇಳಿ, ದುಡ್ಡು ಕೊಟ್ಟು ಟ್ರ್ಯಾಕ್ ಮಾಡ್ಕೊಳ್ಳಿ, ನಾನೇ ಬಂದು ಹೇಳ್ಕೊಡ್ತೀನಿ.

ವೀಕೆಂಡ್_ಬೆಂಗ್ಳೂರು · 6:20

ಓಕೆ ಸಾರ್, ಇಷ್ಟೆಲ್ಲ ಗೊತ್ತಿರ್ಲಿಲ್ಲ. ಪ್ರೈವೇಟ್ ಜಾಗ ಇದ್ರೆ ಹೇಳಿ.

ಜಿಪ್ಸಿ_ಭದ್ರಾವತಿ · 6:45

ತರಗೆಲೆ ಮಾತು ಬಂತಲ್ಲ, ಕ್ಯಾಂಪ್ ಫೈರ್ ಇಲ್ದೇನೂ ಬೆಂಕಿ ಬೀಳುತ್ತೆ. ಗಾಡಿ ಕೆಳಗೆ ಸೈಲೆನ್ಸರ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಎಲೆ ಹೊತ್ತಿ ಉರಿಯೋಷ್ಟು ಬಿಸಿ ಇರುತ್ತೆ. ಬಿಎಸ್ 6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡೀಲಿ ಫಿಲ್ಟರ್ ತಾನೇ ಮಸಿ ಸುಟ್ಕೊಳ್ಳೋ ಹೊತ್ತಲ್ಲಿ ಇನ್ನೂ ಜಾಸ್ತಿ. ಒಣ ಹುಲ್ಲು, ತೇಗದ ಎಲೆ ರಾಶಿ ಮೇಲೆ ಗಾಡಿ ನಿಲ್ಸಿ ಇಂಜಿನ್ ಆನ್ ಇಟ್ಕೊಂಡು ಹರಟೆ ಹೊಡೀಬೇಡಿ. ಹೊಟ್ಟೆ ಕೆಳಗೆ ಸಿಕ್ಕಿದ ಎಲೆ ಕಡ್ಡಿ ಬಗ್ಗಿ ನೋಡಿ ತೆಗೀರಿ.

ಸೊರಬದ_ಸಿಸ್ಟರ್ · 7:30

ಗಾಡಿ ವಿಷ್ಯ ನನಗೆ ಗೊತ್ತಿಲ್ಲ, ನಮ್ಮನೆಯವ್ರು ಈ ಥ್ರೆಡ್ ತೋರ್ಸಿದ್ರು, ಓದಿ ಒಂದು ಮಾತು ಹೇಳ್ಬೇಕು ಅನ್ಸ್ತು. ಹತ್ತು ಜನ ಎರಡೂವರೆ ಗಂಟೆ ಕಾಡೊಳಗೆ ತರಗೆಲೆ ಮೇಲೆ ಮಂಡಿಯೂರಿ ಕೂತು ಗಾಡಿ ತಳ್ಳಿದೀರಿ, ಅದೂ ಮಾರ್ಚಲ್ಲಿ. ಮಂಗನ ಕಾಯಿಲೆ ಕಾಲ ಇದು. ನಮ್ಮ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮೊದ್ಲು ಪತ್ತೆ ಆಗಿದ್ದು, ಇಂಗ್ಲಿಷಲ್ಲಿ ಹೆಸರೂ ಅದೇ ಊರಿಂದು, ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ. ಉಣುಗು (ಉಣ್ಣೆ ಹುಳ) ಕಚ್ಚಿ ಬರೋದು, ಮಳೆ ನಿಂತ ಮೇಲಿಂದ ಮೇ ತನಕ ಅದ್ರ ಹಾವಳಿ. ಸಾಸಿವೆ ಕಾಳಿಗಿಂತ ಸಣ್ಣ ಮರಿ ಉಣುಗು, ಕಣ್ಣಿಗೇ ಕಾಣಲ್ಲ.

ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಉಣುಗು ಹತ್ತದಂಗೆ ತಡೆಯೋ ಡೆಪಾ ಎಣ್ಣೆ ಹಚ್ಕೊಳ್ಳಿ, ನಮ್ ಕಡೆ ಆರೋಗ್ಯ ಕೇಂದ್ರದಲ್ಲಿ ಕೇಳಿದ್ರೆ ಸಿಗುತ್ತೆ. ತುಂಬು ತೋಳಿನ ಬಟ್ಟೆ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಮನೆಗೆ ಬಂದ ಕೂಡ್ಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈ ಪೂರ್ತಿ ನೋಡ್ಕೊಳ್ಳಿ. ದಾರೀಲಿ ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಆಸ್ಪತ್ರೆಗೋ ಪಂಚಾಯ್ತಿಗೋ ತಿಳ್ಸಿ. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಮಾತ್ರೆ ನುಂಗಿ ಮಲಗ್ಬೇಡಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳಿ.

ಸಾಗರದ_ಅಳಿಯ · 7:48

ಸಿಸ್ಟರ್, ತುಂಬ ಥ್ಯಾಂಕ್ಸ್. ಈಗ್ಲೇ ಮನೆಗೆ ಫೋನ್ ಮಾಡಿ ಎಲ್ರಿಗೂ ಹೇಳ್ದೆ. ದೊಡ್ಡಪ್ಪ "ನಮಗೆ ಹೇಳ್ತೀಯನಾ, ನಾವು ದಿನಾ ಹಚ್ಕೊಂಡೇ ತೋಟಕ್ಕೆ ಹೋಗೋದು, ನಿಂಗೆ ಅವತ್ತು ಕೊಡೋಕೆ ಮರ್ತೋಯ್ತು" ಅಂದ್ರು. ಹುಷಾರಾಗಿದೀನಿ, ದಿನ ಎಣಿಸ್ತಿದೀನಿ.

ಹಳೇಮೇಜರ್ · 8:30

ಹಗ್ಗದ ವಿಷ್ಯ ಬಿಟ್ಟೇಹೋಯ್ತು, ಅದು ಎಲ್ಲಕ್ಕಿಂತ ಡೇಂಜರ್. ನೈಲಾನ್ ಹಗ್ಗ ಹಿಗ್ಗಿ ಕಿತ್ರೆ ಚಾಟಿ ತರ ಬಂದು ಹೊಡೆಯುತ್ತೆ, ತುದೀಲಿ ಕಬ್ಬಿಣದ ಕೊಕ್ಕೆ ಇದ್ರೆ ಗುಂಡು. ಎಳೆಯೋಕಂತ್ಲೇ ಮಾಡಿದ ಪಟ್ಟಿ ಬರುತ್ತೆ, ಗಾಡಿ ತೂಕದ ಎರಡು ಮೂರು ಪಟ್ಟು ತಾಳೋದು ತಗೊಳ್ಳಿ. ಕಟ್ಟೋದು ಚಾಸಿಗೆ ಇರೋ ಹುಕ್ಕಿಗೆ ಮಾತ್ರ. ಬಂಪರ್ರಿಗಲ್ಲ, ಹಿಂದೆ ಟ್ರೇಲರ್ ಸಿಕ್ಸೋ ಕಬ್ಬಿಣದ ಉಂಡೆಗೆ ಅಂತೂ ಯಾವತ್ತೂ ಅಲ್ಲ, ಆ ಉಂಡೆ ಕಿತ್ತು ಬಂದು ಜನ ಸತ್ತಿದ್ದಿದೆ. ಹಗ್ಗದ ನಡುವೆ ಒಂದು ಒದ್ದೆ ಗೋಣಿಚೀಲ ಹೊದೆಸಿ, ಕಿತ್ರೂ ಹೊಡೆತದ ಜೋರು ಸ್ವಲ್ಪ ಕಮ್ಮಿ ಆಗುತ್ತೆ. ನೋಡೋಕೆ ನಿಂತ ಮಕ್ಕಳನ್ನ ಹಗ್ಗದ ಉದ್ದಕ್ಕಿಂತ ಒಂದೂವರೆ ಪಟ್ಟು ದೂರ ಕಳ್ಸಿ. ನಮ್ಮೂರಲ್ಲಿ ಗಾಡಿ ಹೂತ್ರೆ ಜಾತ್ರೆ ತರ ಸೇರ್ತಾರೆ, ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರೂ ಹಗ್ಗದ ಪಕ್ಕದಲ್ಲೇ.

ಜಾಕ್ ಹಾಕೋದಾದ್ರೆ ಕೆಳಗೆ ಹಲಗೆ ಬೇಕು, ಇಲ್ಲಾಂದ್ರೆ ಗಾಡಿ ಮೇಲೆ ಬರಲ್ಲ, ಜಾಕ್ ಕೆಳಗೆ ಹೋಗುತ್ತೆ. ದಬ್ಬೆ ತುಂಡು ಅಡ್ಡಡ್ಡ ಜೋಡ್ಸಿದ್ರೂ ಸಾಕು. ಜಾಕ್ ಮೇಲಿರೋ ಗಾಡಿ ಕೆಳಗೆ ಕೈಕಾಲು ಹಾಕ್ಬೇಡಿ.

ಆದ್ರೆ ಇದೆಲ್ಲ ಬೇಕಾಗೋದು ಹೊಟ್ಟೆ ಕೂತ ಮೇಲೆ. ಚಕ್ರ ಒಂದು ಸುತ್ತು ಸುಮ್ನೆ ತಿರುಗ್ತು, ಗಾಡಿ ಮುಂದೆ ಹೋಗ್ಲಿಲ್ಲ ಅಂದ್ರೆ ಅಲ್ಲೇ ಕಾಲು ತೆಗೀರಿ. ಅವಾಗ ನಾಲ್ಕಿಂಚು ಹೂತಿರುತ್ತೆ, ಬಂದ ಗುರುತಲ್ಲೇ ರಿವರ್ಸ್ ತಗೊಂಡ್ರೆ ಬರುತ್ತೆ, ಆ ಗುರುತಲ್ಲಿ ಮರಳು ಆಗ್ಲೇ ಒತ್ತಿ ಗಟ್ಟಿ ಆಗಿರುತ್ತೆ. ಯಜಮಾನ್ರು ಹಿಂದಕ್ಕೆ ಅಂದಿದ್ದು ಅದಕ್ಕೇ. ಇನ್ನೊಂದ್ಸಲ ಒತ್ತಿ ನೋಡೋಣ ಅನ್ಸುತ್ತಲ್ಲ, ಆ ಇನ್ನೊಂದ್ಸಲದಲ್ಲೇ ಎರಡೂವರೆ ಗಂಟೆ ಇರೋದು.

ಕುಂದಾಪ್ರದಂವ · 9:05

ಒಂದು ಮಾತು ಸೇರಿಸ್ತೆ. ಗೊತ್ತಿಲ್ಲದ ಹೊಳೆ ದಡಕ್ಕೆ ಗಾಡಿ ಇಳ್ಸೋ ಮುಂಚೆ ಇಳಿದು ನಡೀರಿ. ಮರಳು ತೆಗೆದ ಗುಂಡಿ ಮೇಲೆ ಮಳೆಗಾಲದಲ್ಲಿ ತೆಳ್ಳಗೆ ಮರಳು ಕೂತು ಮುಚ್ಚಿರ್ತದೆ, ಅಥವಾ ಮೊಣಕಾಲುದ್ದ ನೀರು ಅಂತ ಕಾಣ್ತದೆ, ಕೆಳಗೆ ಹತ್ತಡಿ. ತುಂಗೆಲೂ ಅದೇ, ನಮ್ಮ ಹೊಳೆಗಳಲ್ಲೂ ಅದೇ. ಉದ್ದ ಕೋಲು ಹಿಡಿದು ಚುಚ್ಚಿ ನೋಡಿ. ಊರಿನವರನ್ನ ಕೇಳಿ, ಅವ್ರು ಇಳಿಬೇಡ ಅಂದ್ರೆ ಇಳಿಬೇಡಿ, ನಿಮ್ಮ ಗಾಡಿ ಎಷ್ಟೇ ಲಕ್ಷದ್ದಾದ್ರೂ.

ಸಾಗರದ_ಅಳಿಯ · ಮಂಗಳವಾರ ರಾತ್ರಿ 9:30

ಹಳೇಮೇಜರ್ ಸಾರ್, ಒಪ್ಕೋತೀನಿ. ನಿಲ್ಸಿದ್ದೆ.

ಹೆಂಡ್ತಿ ಈ ಥ್ರೆಡ್ ಓದಿ "ನಿಲ್ಸಿಲ್ಲ ಅಂತ ಬರ್ದಿದೀರಲ್ಲ, ನಾಚಿಕೆ ಆಗಲ್ವಾ" ಅಂದ್ಲು. ನಡೆದಿದ್ದು ಹೀಗೆ. ಭಾವಮೈದ ಮೊದ್ಲೇ ಇಳಿದು ಆಚೆ ದಡದಲ್ಲಿ ಮೊಬೈಲ್ ಹಿಡ್ಕೊಂಡು ನಿಂತಿದ್ದ, ಸ್ಟೇಟಸ್ಸಿಗೆ ವಿಡಿಯೋ. ನಾನು ಹಳ್ಳದ ಮಧ್ಯ ಬಂದಾಗ "ಭಾವ ನಿಲ್ಸಿ ನಿಲ್ಸಿ, ರೆಕಾರ್ಡ್ ಆಗಿಲ್ಲ" ಅಂತ ಕೂಗ್ದ. ನಾನು ಬ್ರೇಕ್ ಹೊಡ್ದೆ. ಅಷ್ಟೆ. ಮತ್ತೆ ಹೊರಟಾಗ ಹೊರಡ್ಲಿಲ್ಲ. ಹೂತಿದ್ದು ಮಾತ್ರ ಪೂರ್ತಿ ರೆಕಾರ್ಡ್ ಆಗಿದೆ, ನಮ್ ಫ್ಯಾಮಿಲಿ ಗ್ರೂಪಲ್ಲಿ ಮೂರು ದಿನದಿಂದ ಓಡ್ತಿದೆ.

ಹಳೇಮೇಜರ್ · 9:41

ಹಹ್ಹಹ್ಹ. ಬ್ರೇಕ್ ಹೊಡ್ದಾಗ ಮುಂದಿನ ಚಕ್ರದ ಮುಂದೆ ಮರಳು ಗುಡ್ಡೆ ಆಗುತ್ತೆ, ಹೊರಡುವಾಗ ನಿಂತಲ್ಲಿಂದ ಆ ಗುಡ್ಡೆ ಹತ್ತಬೇಕು, ಅದೂ 36 ಗಾಳೀಲಿ. ನಿಲ್ಲಿಸ್ಲೇಬೇಕಾದ್ರೆ ಬ್ರೇಕ್ ಬೇಡ, ಕಾಲು ಬಿಟ್ರೆ ಮರಳೇ ನಿಲ್ಸುತ್ತೆ, ಆದಷ್ಟು ಇಳಿಜಾರಿಗೆ ಮುಖ ಮಾಡಿ ನಿಲ್ಸಿ. ಭಾವಮೈದನಿಗೆ ಆ ವಿಡಿಯೋ ಇಲ್ಲಿ ಹಾಕೋಕೆ ಹೇಳಿ.

ಸಾಗರದ_ಅಳಿಯ · 9:44

ಹಾಕಲ್ಲ.

ಸಾಗರದ_ಅಳಿಯ · ಮುಂದಿನ ಭಾನುವಾರ ಸಂಜೆ 7:20

ಅಪ್ಡೇಟ್. ಇವತ್ತು ಮತ್ತೆ ಹೋಗಿದ್ದೆ, ಗದ್ಲದಲ್ಲಿ ಇಳ್ಸಿಟ್ಟ ಒಂದು ಚೀಲ ಮಿಡಿ ಅಲ್ಲೇ ಉಳ್ದಿತ್ತು, ಅತ್ತೆ ಉಪ್ಪಿನಕಾಯಿ ಹಾಕೋಕೆ ಕಾಯ್ತಿದ್ರು, ಆಗ್ಲೇ ಅರ್ಧ ಬಾಡಿತ್ತು. ಬೇಕಂತ್ಲೇ ಮಧ್ಯಾಹ್ನ ಮೂರಕ್ಕೇ ವಾಪಸ್ ಹೊರಟೆ. ಹಳ್ಳದ ಹತ್ರ ನಿಲ್ಸಿ ಗಾಳಿ 18ಕ್ಕೆ ಇಳ್ಸಿದೆ, ಗೇಜ್ ಇಟ್ಕೊಂಡು. ಹೆಂಡ್ತಿ, ಚೀಲ ಎರಡೂ ಕೆಳಗೆ. ನಡ್ಕೊಂಡು ಹೋಗಿ ನೋಡ್ದೆ, ಬಲಗಡೆ ಸ್ವಲ್ಪ ತೇವ ಇತ್ತು, ಕೋಲು ಚುಚ್ಚಿದ್ರೆ ಗಟ್ಟಿ, ಆ ಕಡೆ ಹಿಡಿದೆ. ಇಎಸ್‌ಪಿ ಆಫ್, ಫೋರ್ ಹೈ, ಸೆಕೆಂಡ್ ಗೇರ್, ಸ್ಟೀರಿಂಗ್ ನೇರ. ಕೆಲವೇ ಸೆಕೆಂಡಲ್ಲಿ ಆಚೆ ದಡ. ಏನೂ ಆಗ್ಲಿಲ್ಲ, ಅದೇ ಬೇಜಾರು, ನೋಡೋಕೆ ಯಾರೂ ಇರ್ಲಿಲ್ಲ.

ಟಾರ್ ರೋಡಿಗೆ ಬಂದು ಕಂಪ್ರೆಸರ್ ಹಾಕಿ ಕೂತಿದ್ದಾಗ ಆ ಪಿಕಪ್ ಯಜಮಾನ್ರು ಬಂದ್ರು. ನಿಲ್ಸಿ, ನನ್ ಗೇಜು ಇಸ್ಕೊಂಡು ತಿರುಗ್ಸಿ ತಿರುಗ್ಸಿ ನೋಡಿ, ಅವ್ರ ಹಿಂದಿನ ಟೈರಿಗೆ ಇಟ್ಟು ನೋಡಿದ್ರು. ಕೇಳ್ದೆ ಎಷ್ಟಿದೆ ಅಂತ.

"ಇಪ್ಪತ್ತೆರಡು ತೋರಿಸ್ತದೆ. ನಿಮ್ದು ಸರಿ ಇದ್ಯನಾ?" ಅಂದ್ರು.

ಟೈರ್_ಪುರಾಣ · 7:35

ಮೂಟೆ ಹೇರಿ 22 ಅಲ್ಲಿ ಟಾರ್ ರೋಡಲ್ಲಿ ಓಡ್ಸ್ತಿದಾರಾ?! ಅವ್ರಿಗೆ ಹೇಳಿ ಟೈರ್ ಬಿಸಿಯಾಗಿ ಸಿಡಿಯುತ್ತೆ ಅಂತ. ನಮ್ ಅಂಗಡಿಗೆ ಕಳ್ಸಿ, ಫ್ರೀಯಾಗಿ ಗಾಳಿ ತುಂಬ್ಸಿ ಕೊಡ್ತೀನಿ.

ಸಾಗರದ_ಅಳಿಯ · 7:41

ಹೇಳ್ದೆ ಸಾರ್. "ಅಷ್ಟು ಜೋರು ಯಾರು ಓಡಿಸ್ತಾರೆ" ಅಂತ ಹೇಳಿ ಬೀಡಿ ಹಚ್ಕೊಂಡು ಹೋದ್ರು. ಗೇಜೂ ತಗೊಂಡೇ ಹೋಗಿದಾರೆ, ಈಗ ನೋಡ್ತಿದೀನಿ.